ಗೀಕ್ ಅನ್ನೋದು ಈಗ ಬೈಗುಳ ಅಲ್ಲ, ಸರಿ. ಆದರೆ ಗೀಳು ಹಚ್ಚಿಕೊಂಡವರನ್ನ ಜನ ನಿಜಕ್ಕೂ ಒಪ್ಪಿಕೊಂಡಿದ್ದಾರಾ?

ಆರುಮುಖ

ಬಹಳ ದಿನದಿಂದ ತಲೆಯಲ್ಲಿ ಕೊರೀತಿರೋ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ಕಳೆದ ವಾರ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ನನ್ನನ್ನ ಪರಿಚಯ ಮಾಡಿಸ್ತಾ ನಮ್ಮ ಮೇಲಿನವರು "ಇವರು ನಮ್ಮ ಟೀಮಿನ ಗೀಕ್, ಏನೇ ಸಿಕ್ಕಿಹಾಕಿಕೊಂಡರೂ ಇವರ ಹತ್ತಿರ ಹೋಗು" ಅಂದರು. ಹೆಮ್ಮೆಯಿಂದಲೇ ಅಂದಿದ್ದು. ಆ ಹುಡುಗಿಯೂ ಖುಷಿಯಿಂದ ಕೈ ಕುಲುಕಿದಳು. ನನಗೆ ಮಾತ್ರ ಆ ಕ್ಷಣ ಎಂಟನೇ ಕ್ಲಾಸಿನ ಕೊನೇ ಬೆಂಚು ಕಣ್ಣಮುಂದೆ ಬಂತು. ಆಗ ಗೀಕ್ ಅನ್ನೋ ಪದ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಇದ್ದದ್ದು ಕುಡುಮಿ, ಪುಸ್ತಕದ ಹುಳು, ಅರೆಹುಚ್ಚ. ಓದಿನಲ್ಲಿ ಮುಂದಿದ್ದವರಿಗೆ ಮೊದಲ ಎರಡು. ನನಗೆ ಸಿಕ್ಕಿದ್ದು ಮೂರನೆಯದು.

ಕಾರಣ ರೂಬಿಕ್ಸ್ ಕ್ಯೂಬ್. ಯಾರೋ ಆಡಿ ಬಿಟ್ಟ ಹಳೇದು, ಹಳದಿ ಬದಿಯಲ್ಲಿ ಎರಡು ಸ್ಟಿಕ್ಕರ್ ಕಿತ್ತುಹೋಗಿತ್ತು. ಅದನ್ನ ತೊಡೆ ಮೇಲಿಟ್ಟುಕೊಂಡು ಬೆಂಚಿನ ಕೆಳಗೆ ಕಣ್ಣಲ್ಲಿ ನೋಡದೆ ಬೆರಳಲ್ಲೇ ತಿರುಗಿಸ್ತಿದ್ದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳ ತುಂಬ ಬಾಣದ ಗುರುತುಗಳು: ಬಲ ಮೇಲೆ, ತಲೆ ಎಡಕ್ಕೆ, ಬಲ ಕೆಳಗೆ. ಮೂಲೆಯ ಮೂರು ತುಂಡುಗಳನ್ನ ಉಳಿದದ್ದು ಕದಲದ ಹಾಗೆ ಜಾಗ ಬದಲಾಯಿಸೋದು ಹೇಗೆ ಅಂತ ಕಂಡುಕೊಳ್ಳೋಕೆ ನನಗೆ ಐದು ತಿಂಗಳು ಹಿಡೀತು. ಒಂದು ದಿನ ಟೀಚರ್ ಆ ಪುಟಗಳನ್ನ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. "ಇದರಿಂದ ಏನು ಉಪಯೋಗ?" ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ.

ಆಗ ನನಗೆ ಗೊತ್ತಿರಲಿಲ್ಲ, ಜಗತ್ತೂ ಹೆಚ್ಚುಕಡಿಮೆ ಅದನ್ನೇ ಕೇಳಿ ಸುಮ್ಮನಾಗಿತ್ತು ಅಂತ. ಹಂಗೇರಿಯಲ್ಲಿ ವಾಸ್ತುವಿನ್ಯಾಸ ಹೇಳಿಕೊಡ್ತಿದ್ದ ಎರ್ನೋ ರೂಬಿಕ್ ಇದನ್ನ ಮಾಡಿದ್ದು 1974ರಲ್ಲಿ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ಆಯಿತು, 16 ವರ್ಷದ ಮಿನ್ ಥಾಯ್ 22.95 ಸೆಕೆಂಡಿನಲ್ಲಿ ಬಿಡಿಸಿ ಗೆದ್ದ. ಅಲ್ಲಿಗೆ ಹುಚ್ಚು ಇಳೀತು ಅಂತ ಎಲ್ಲರೂ ಅಂದುಕೊಂಡರು. ಎರಡನೇ ವಿಶ್ವ ಸ್ಪರ್ಧೆ ನಡೆದದ್ದು 2003ರಲ್ಲಿ, ಟೊರಾಂಟೊದಲ್ಲಿ. ನಡುವಿನ 21 ವರ್ಷ ಕೆಲವರು ಒಬ್ಬೊಬ್ಬರೇ ತಮ್ಮ ತಮ್ಮ ಕೋಣೆಯಲ್ಲಿ ತಿರುಗಿಸ್ತಾ ಇದ್ದರು. ಇಂಟರ್ನೆಟ್ ಬಂದ ಮೇಲೆ ಒಬ್ಬರಿಗೊಬ್ಬರು ಸಿಕ್ಕರು. ಆ 21 ವರ್ಷದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ.

ಗೀಕ್ ಅನ್ನೋ ಪದದ ಹಣೆಬರಹವೂ ಹಾಗೇ. ನೂರು ವರ್ಷದ ಹಿಂದೆ ಅಮೆರಿಕದ ಸಂಚಾರಿ ಮೇಳಗಳಲ್ಲಿ ಜನರನ್ನ ಬೆಚ್ಚಿಬೀಳಿಸೋಕೆ ಜೀವಂತ ಕೋಳಿಯ ತಲೆ ಕಚ್ಚುತ್ತಿದ್ದವನಿಗೆ ಗೀಕ್ ಅಂತಿದ್ದರು. ಅದೇ ಪದವನ್ನ 2013ರಲ್ಲಿ ಕಾಲಿನ್ಸ್ ನಿಘಂಟು ವರ್ಷದ ಪದ ಅಂತ ಆರಿಸಿತು. ಪದಕ್ಕೆ ಮರ್ಯಾದೆ ಬಂತು. ಮನುಷ್ಯನಿಗೆ?

ನನಗನ್ಸೋದು ಇಷ್ಟು: ಸಮಾಜ ಒಪ್ಪಿಕೊಂಡಿರೋದು ನಮ್ಮ ಗೀಳಿನಿಂದ ಅವರಿಗೆ ಸಿಗೋ ಉಪಯೋಗವನ್ನ. ಗೀಳನ್ನಲ್ಲ. ನಾನು ಸರ್ವರ್ ಸರಿಮಾಡಿದರೆ ಗೀಕ್, ಊಟದ ಬಿಡುವಿನಲ್ಲಿ ಕ್ಯೂಬ್ ತೆಗೆದರೆ ಈಗಲೂ ಪಕ್ಕದವರು ಮೂಗು ಮುರೀತಾರೆ. ನಿಮ್ಮ ಅನುಭವ ಏನು?

ಹಳೇತಂತಿ

ಆರುಮುಖ ಅವರೇ, "ಏನು ಉಪಯೋಗ" ಎಂಬ ಪ್ರಶ್ನೆಯನ್ನು ನಾನು ನಲವತ್ತು ವರ್ಷಗಳಿಂದ ಕೇಳಿಸಿಕೊಳ್ಳುತ್ತಿದ್ದೇನೆ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ಹ್ಯಾಮ್ ಎಂಬುದೂ ಮೂಲದಲ್ಲಿ ಬೈಗುಳವೇ. ತಂತಿ ಕಚೇರಿಯ ವೃತ್ತಿಪರರು ಕೈ ಕುದುರದ ಅಡ್ಡಾದಿಡ್ಡಿ ಆಪರೇಟರುಗಳನ್ನು ಹೀಯಾಳಿಸಲು ಆ ಮಾತು ಬಳಸುತ್ತಿದ್ದರು. ಹವ್ಯಾಸಿಗಳು ಅದನ್ನೇ ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡರು. ಹಾಗಾಗಿ ಬೈಗುಳ ಬಿರುದಾಗುವುದು ಹೊಸ ಸಂಗತಿಯೇನಲ್ಲ.

ರಾತ್ರಿ ಎರಡು ಗಂಟೆ. ಮನೆಯೆಲ್ಲ ಮಲಗಿದೆ. ಹೆಡ್‌ಫೋನಿನಲ್ಲಿ ಮಳೆ ಸುರಿದಂತೆ ಬರೀ ಸದ್ದು. ಮೋರ್ಸ್ ಸಂಕೇತ ಕುಟ್ಟುವ ಕೀಲಿಯ ಗುಂಡಿ ನನ್ನ ತೋರುಬೆರಳಿನ ಗುರುತಿಗೆ ಸವೆದು ಒಂದು ಬದಿ ಹೊಳೆಯುತ್ತದೆ. ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ. ಯಾರಾದರೂ ಇದ್ದೀರಾ ಎಂದು ಜಗತ್ತನ್ನೇ ಕೇಳುವ ಎರಡು ಅಕ್ಷರ. ಮತ್ತೆ ಮಳೆಯ ಸದ್ದು. ಆಮೇಲೆ ಆ ಸದ್ದಿನ ತಳದಿಂದ ನೂಲಿನೆಳೆಯಷ್ಟು ತೆಳ್ಳಗೆ ನನ್ನದೇ ಕರೆಸಂಕೇತ, ಅಂದರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರು, ವಾಪಸು ಬರುತ್ತದೆ. ಮೊದಲ ಸಲ ಅದು ಕೇಳಿಸಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ನನ್ನ ತಾರಸಿಯ ಆಂಟೆನಾ ತೆಗೆಸಬೇಕೆಂದು ಅಕ್ಕಪಕ್ಕದವರು ಸಹಿ ಸಂಗ್ರಹಿಸಿದ್ದು ಎರಡು ಬಾರಿ. ಅದು ನಿಂತದ್ದು 2004ರ ಡಿಸೆಂಬರಿನ ನಂತರ. ಆ ತಿಂಗಳು ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿಗೆ ಹೋಗಿತ್ತು. ಹೋದದ್ದು ಅಪ್ಪಟ ಹವ್ಯಾಸಕ್ಕೆ: ಅಪರೂಪದ ಜಾಗದಿಂದ ಪ್ರಸಾರ ಮಾಡಿ ಜಗತ್ತಿನ ಹ್ಯಾಮ್‌ಗಳ ಜೊತೆ ಸಂಪರ್ಕ ಎಣಿಸುವುದಕ್ಕೆ. ಹೊರಗಿನವರಿಗೆ ಇದಕ್ಕಿಂತ ನಿರುಪಯೋಗಿ ಕೆಲಸ ಬೇರೊಂದು ಕಾಣಲಾರದು. ಡಿಸೆಂಬರ್ 26ರಂದು ಸುನಾಮಿ ಬಂದು ಫೋನುಗಳು ಸತ್ತಾಗ ದ್ವೀಪದ ಸುದ್ದಿ ಹೊರಗೆ ಬಂದದ್ದು ಅದೇ ರೇಡಿಯೋದಿಂದ. ಪತ್ರಿಕೆಗಳಲ್ಲಿ ಬಂತು, ನಮ್ಮ ನೆರೆಯವರೂ ಓದಿದರು, ಸಹಿ ಹಾಳೆ ಮತ್ತೆ ಬರಲಿಲ್ಲ.

ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಗೌರವ ಕೊಟ್ಟದ್ದು ಸುನಾಮಿಯ ಆ ದಿನಗಳಿಗೆ. ಅದಕ್ಕೆ ಮುಂಚೆ ಯಾರೂ ಕೇಳದ ಹೊತ್ತಿನಲ್ಲಿ ಕೂತು ಕಿವಿ ಹದಮಾಡಿಕೊಂಡ ಸಾವಿರಾರು ರಾತ್ರಿಗಳಿಗಲ್ಲ. ಆ ರಾತ್ರಿಗಳಿಲ್ಲದೆ ಈ ದಿನಗಳಿಲ್ಲ.

ನೇರಮಾತು

ಇಷ್ಟೆಲ್ಲ ಭಾವುಕರಾಗೋದು ಬೇಡ ಅನ್ಸುತ್ತೆ. ಇದರಲ್ಲಿ ಒಪ್ಪಿಗೆ ಅನ್ನೋದೇ ಇಲ್ಲ, ಇರೋದು ದುಡ್ಡು. 1975ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಅಂತ ಒಂದಷ್ಟು ಜನ ಸೇರಿ ಸರ್ಕ್ಯೂಟ್ ಬೋರ್ಡ್ ತೋರಿಸ್ಕೊಳ್ತಿದ್ದರು. ಸ್ಟೀವ್ ವಾಜ್ನಿಯಾಕ್ ಅಲ್ಲಿಗೆ ಬರ್ತಿದ್ದದ್ದು ತಾನು ಕಟ್ಟಿದ್ದನ್ನ ಗೆಳೆಯರಿಗೆ ತೋರಿಸೋಕೆ. ಅದರಿಂದ ಆಪಲ್ ಹುಟ್ಟಿ ಕೋಟಿಗಟ್ಟಲೆ ಆದ ಮೇಲೆ ಎಲ್ಲ ಅಪ್ಪ ಅಮ್ಮಂದಿರಿಗೂ ಮಗ ಬೋರ್ಡ್ ಬಿಚ್ಚಿದರೆ ಖುಷಿ. ಕಾಮಿಕ್ಸ್ ಕೂಡ ಅಷ್ಟೇ. ಆ ಹೀರೋಗಳನ್ನ ಇಟ್ಟುಕೊಂಡು ತೆಗೆದ ಒಂದೇ ಸಿನಿಮಾ 2019ರಲ್ಲಿ ಸುಮಾರು 280 ಕೋಟಿ ಡಾಲರ್ ಗಳಿಸಿತು. ಸ್ಯಾನ್ ಡಿಯೇಗೊದ ಕಾಮಿಕ್-ಕಾನ್ ಶುರುವಿನಿಂದಲೂ ಸಾವಿರಾರು ಜನರ ಜಾತ್ರೆ, ಅದನ್ನ ಹಿಡಿದುಕೊಂಡು ಕಂಪನಿಗಳು ಬೆಳೆದವು. ಅಷ್ಟೇ ಕಥೆ.

ಕಥೆಪಗಡೆ

ನೇರಮಾತು, ಒಂದು ತಿದ್ದುಪಡಿ. ಕಾಮಿಕ್-ಕಾನ್ ಶುರುವಾದದ್ದು 1970ರಲ್ಲಿ, ಆಗಸ್ಟಿನ ಮೊದಲ ಮೂರು ದಿನದ ಕೂಟಕ್ಕೆ ಬಂದವರು ಸುಮಾರು 300 ಜನ. ಒಂದು ಲಕ್ಷ ದಾಟಿದ್ದು ದಶಕಗಳ ಮೇಲೆ. ಆ 300 ಜನರ ಕಣ್ಣಮುಂದೆ 280 ಕೋಟಿ ಇರಲಿಲ್ಲ. ದುಡ್ಡು ಕಾರಣ ಅಂತೀರಲ್ಲ, ದುಡ್ಡು ಬರೋವರೆಗೂ ಅದನ್ನ ಉಳಿಸಿಕೊಂಡವರು ಯಾರು?

ಇನ್ನೊಂದು ಮಾತು ಈ ಚರ್ಚೆಯಲ್ಲಿ ಬಂದಿಲ್ಲ. ಇದು ಬರೀ ಗೇಲಿಯ ವಿಷಯ ಅಲ್ಲ, ಭಯದ ವಿಷಯ. ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋನು. ಗೊತ್ತಿಲ್ಲದವರಿಗೆ: ಐದಾರು ಜನ ಮೇಜಿನ ಸುತ್ತ ಕೂತು, ಒಬ್ಬ ಕಥೆ ಹೇಳ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಏನು ಮಾಡ್ತೀವಿ ಅಂತ ಹೇಳ್ತಾರೆ, ಇಪ್ಪತ್ತು ಮುಖದ ದಾಳ ಬಿದ್ದ ಹಾಗೆ ಕಥೆ ತಿರುಗುತ್ತೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನ 1974ರಲ್ಲಿ ಹೊರತಂದಾಗ ಮೊದಲ ಮುದ್ರಣ 1,000 ಪ್ರತಿ ಮಾತ್ರ. ಹತ್ತು ವರ್ಷ ಕಳೆಯೋದರೊಳಗೆ ಇದು ಮಕ್ಕಳನ್ನ ಸೈತಾನನ ಪೂಜೆಗೆ, ಆತ್ಮಹತ್ಯೆಗೆ ಎಳೆಯುತ್ತೆ ಅಂತ ಅಮೆರಿಕದಲ್ಲಿ ಗುಲ್ಲೆದ್ದಿತು. 1983ರಲ್ಲಿ ಇದನ್ನ ವಿರೋಧಿಸೋಕೇ ಒಂದು ಸಂಘಟನೆ ಹುಟ್ಟಿತು, 1985ರಲ್ಲಿ ಅಲ್ಲಿನ ದೊಡ್ಡ ಟಿವಿ ಸುದ್ದಿ ಕಾರ್ಯಕ್ರಮವೊಂದು ಇದೇ ಅನುಮಾನದ ಮೇಲೆ ಒಂದು ಭಾಗ ಮಾಡಿತು. ಅದಕ್ಕೂ ಮುಂಚೆ ಕಾಮಿಕ್ಸಿಗೆ ಇದೇ ಗತಿ. 1954ರಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ, ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣವಾ ಅಂತ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ನೀತಿಸಂಹಿತೆ ಮಾಡಿಕೊಂಡರು. ಅದರ ಮೊಹರು ಪೂರ್ತಿ ಮರೆಯಾಗಿದ್ದು 2011ರಲ್ಲಿ.

ನಾನು ನಿಯಮಪುಸ್ತಕಕ್ಕೆ ಸಮಾಜ ವಿಜ್ಞಾನದ ರಟ್ಟು ಹಾಕಿ ಓದ್ತಿದ್ದೆ. ದಾಳಗಳನ್ನ ಕಾಲುಚೀಲದೊಳಗೆ ಸುತ್ತಿ ಬೀರುವಿನ ಹಿಂದೆ ಇಡ್ತಿದ್ದೆ, ಒಂದಕ್ಕೊಂದು ತಾಗಿ ಸದ್ದಾಗಬಾರದು ಅಂತ. ಅಮ್ಮನಿಗೆ ಯಾರೋ ಬಂಧುಗಳು ಏನೋ ಹೇಳಿಬಿಟ್ಟಿದ್ದರು, ಅವರು ರಾತ್ರಿ ನನ್ನ ಕೋಣೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ತಿದ್ದರು. ನಾನು ಏನು ಮಾಡ್ತಿದ್ದೆ ಗೊತ್ತಾ? ಒಂದು ಹಳ್ಳಿಗೆ ನಕ್ಷೆ ಬರೀತಿದ್ದೆ. ಬಾವಿ ಎಲ್ಲಿ, ಕಮ್ಮಾರನ ಮನೆ ಎಲ್ಲಿ, ಮಳೆ ಬಂದರೆ ನೀರು ಎತ್ತ ಹರಿಯುತ್ತೆ.

ಈಗ ಅದೇ ಆಟ ಆಡೋದನ್ನ ನೋಡೋಕೆ ಜನ ಸಭಾಂಗಣಗಳಲ್ಲಿ ತುಂಬಿ ಕೂರ್ತಾರೆ. ಅಮ್ಮ ಕಳೆದ ವರ್ಷ ನನ್ನ ಮೇಜಿನ ಹತ್ತಿರ ಬಂದು ಆ ದಾಳ ಕೈಗೆತ್ತಿಕೊಂಡು "ಇದಕ್ಕಾ ನಾನು ಅಷ್ಟು ಹೆದರಿದ್ದು" ಅಂದರು. ನಾನು ಅವರನ್ನ ದೂರೋದಿಲ್ಲ. ತನಗೆ ಅರ್ಥವಾಗದ್ದರಲ್ಲಿ ಮಗ ಮುಳುಗಿದಾಗ ತಾಯಿಗೆ ಭಯ ಆಗೋದು ಸಹಜ. ಆ ಭಯವನ್ನ ಮಾರಿಕೊಂಡವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನೇರಮಾತು

300ರ ಲೆಕ್ಕ ಒಪ್ಪಿದೆ, ತಪ್ಪು ನನ್ನದು. ಉಳಿಸಿಕೊಂಡವರು ಯಾರು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚಿಸ್ತೀನಿ.

ನಿಶಾಗಂಧಿ

ಉಳಿಸಿಕೊಂಡವರಲ್ಲಿ ಅರ್ಧ ಜನರ ಹೆಸರು ಇಲ್ಲಿವರೆಗೆ ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಎತ್ತುತ್ತೇನೆ.

ಸ್ಟಾರ್ ಟ್ರೆಕ್ ಧಾರಾವಾಹಿಯನ್ನು ಎರಡನೇ ವರ್ಷಕ್ಕೇ ನಿಲ್ಲಿಸುವ ಮಾತು ಬಂದಾಗ ಪತ್ರ ಚಳವಳಿ ಕಟ್ಟಿದವರು ಬೀಜೋ ಟ್ರಿಂಬಲ್, ಗಂಡ ಜಾನ್ ಜೊತೆ ಸೇರಿ. ಫೋಟೋಕಾಪಿ ಸುಲಭವಾಗಿ ಸಿಗದ ಕಾಲ. ವಿಳಾಸಗಳನ್ನು ಒಂದೊಂದಾಗಿ ಕೂಡಿಸಿ, ಹೇಗೆ ಬರೆಯಬೇಕು ಅಂತ ತಿಳಿಸಿ ಕಳಿಸಿದರು, ಮೂರನೇ ವರ್ಷ ಬಂತು. 1976ರಲ್ಲಿ ನಾಸಾ ತನ್ನ ಮೊದಲ ಬಾಹ್ಯಾಕಾಶ ಶಟಲ್‌ಗೆ ಇಡಬೇಕೆಂದಿದ್ದ ಹೆಸರು ಬದಲಾಗಿ, ಆ ಧಾರಾವಾಹಿಯ ನೌಕೆಯ ಹೆಸರಾದ ಎಂಟರ್‌ಪ್ರೈಸ್ ಆದದ್ದೂ ಅಭಿಮಾನಿಗಳ ಪತ್ರಗಳಿಂದಲೇ. ಹೆಂಗಸರು ಕೈಯಾರೆ ಅಚ್ಚುಹಾಕಿ ಹಂಚಿದ ಪುಟ್ಟ ಪತ್ರಿಕೆಗಳ ಮೇಲೆಯೇ ಆ ಅಭಿಮಾನಿ ಬಳಗ ನಿಂತಿತ್ತು.

ಕಂಪ್ಯೂಟರಿನ ಕಥೆ ಇನ್ನೂ ಹಳೆಯದು. 1946ರಲ್ಲಿ ಎನಿಯಾಕ್ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಂ ಹಾಕಿದ್ದವರು ಆರು ಹೆಣ್ಣುಮಕ್ಕಳು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರುತ್ ಲಿಕ್ಟರ್‌ಮನ್. ನಾನು ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ, ಏಕೆಂದರೆ ನನಗೆ ಯಾರೂ ಕಲಿಸಲಿಲ್ಲ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ 1984ರ ಹೊತ್ತಿಗೆ ಹೆಣ್ಣುಮಕ್ಕಳು ಸುಮಾರು 37 ಶೇಕಡಾ ಇದ್ದರು. 2010ರ ದಶಕದ ಆರಂಭಕ್ಕೆ ಅದು ಸುಮಾರು 18ಕ್ಕೆ ಇಳಿದಿತ್ತು. ನಡುವೆ ಆದದ್ದೇನು? ಕಂಪ್ಯೂಟರ್ ಮನೆಗೆ ಬಂತು, ಗಂಡುಹುಡುಗರ ಆಟಿಕೆ ಅಂತ ಜಾಹೀರಾತಾಯಿತು, ದಪ್ಪ ಕನ್ನಡಕದ ಹುಡುಗ ಗೀಕಿನ ಚಿತ್ರವಾದ. ಸಮಾಜ ಗೀಕನ್ನು ಒಪ್ಪಿಕೊಳ್ಳತೊಡಗಿದ ಕಾಲದಲ್ಲೇ ನಮ್ಮನ್ನು ಆ ಚಿತ್ರದಿಂದ ಅಳಿಸಲಾಯಿತು.

ನನ್ನದೇ ಒಂದು ಘಟನೆ. ಕಾಮಿಕ್ಸ್ ಕೂಟವೊಂದರಲ್ಲಿ ಹಳೇ ಸಂಚಿಕೆಗಳ ಮೇಜಿನ ಮುಂದೆ ನಿಂತಿದ್ದೆ. ಪ್ಲಾಸ್ಟಿಕ್ ಹೊದಿಕೆಯೊಳಗಿನ ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು ಅಂಚಿನ ಪಿನ್ನು ತುಕ್ಕು ಹಿಡಿದಿದೆಯಾ ಅಂತ ನೋಡುತ್ತಿದ್ದೆ. ಪಕ್ಕದಲ್ಲಿದ್ದವನು ಕೇಳಿದ, "ಯಾರಿಗೆ ತಗೋತಿದ್ದೀರಾ, ತಮ್ಮನಿಗಾ?" ನನಗೇ ಅಂದೆ. ಆಮೇಲೆ ಪರೀಕ್ಷೆ ಶುರು. ಈ ಪಾತ್ರ ಮೊದಲು ಬಂದದ್ದು ಯಾವ ಸಂಚಿಕೆಯಲ್ಲಿ? ಶಾಯಿ ಹಾಕಿದ್ದು ಯಾರು? ಮೂರಕ್ಕೆ ಉತ್ತರ ಕೊಟ್ಟೆ, ನಾಲ್ಕನೆಯದು ಗೊತ್ತಿರಲಿಲ್ಲ. ಅವನ ಮುಖದಲ್ಲಿ ನೆಮ್ಮದಿ ಮೂಡಿತು. ಆ ನೆಮ್ಮದಿಯನ್ನು ನಾನು ಮರೆತಿಲ್ಲ. ಅವನೂ ಶಾಲೆಯಲ್ಲಿ ಯಾರಿಂದಲೋ ಹೊರದಬ್ಬಿಸಿಕೊಂಡವನೇ ಇರಬೇಕು. ತನಗಂತ ಸಿಕ್ಕ ಒಂದು ಕೋಣೆಯ ಬಾಗಿಲಿಗೆ ತಾನೇ ಕಾವಲುಗಾರನಾಗಿ ನಿಂತಿದ್ದ. 2014ರಲ್ಲಿ ಗೇಮರ್‌ಗೇಟ್ ಹೆಸರಲ್ಲಿ ವಿಡಿಯೋ ಗೇಮ್ ರೂಪಿಸುವ, ಅದರ ಬಗ್ಗೆ ಬರೆಯುವ ಹೆಣ್ಣುಮಕ್ಕಳಿಗೆ ಬಂದ ಬೆದರಿಕೆಗಳನ್ನು ಓದಿದಾಗ ನನಗೆ ಆ ಮುಖವೇ ಕಾಣಿಸಿತು.

ಆದ್ದರಿಂದ, ಆರುಮುಖ, ಹೊರಗಿನವರು ಒಪ್ಪಿದರಾ ಅಂತ ಕೇಳುವ ಮುಂಚೆ ನಾವು ಯಾರನ್ನು ಒಪ್ಪಿಕೊಂಡಿದ್ದೇವೆ ಅಂತಲೂ ಕೇಳಿಕೊಳ್ಳಬೇಕು. ಒಳ್ಳೆಯ ಸುದ್ದಿಯೂ ಇದೆ. ಅಭಿಮಾನಿಗಳು ಬರೆದ ಕಥೆಗಳ ಸಂಗ್ರಹ ಆರ್ಕೈವ್ ಆಫ್ ಅವರ್ ಓನ್‌ಗೆ 2019ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಬಂತು. ಅದನ್ನು ಕಟ್ಟಿ ನಡೆಸುತ್ತಿರುವವರು ಸ್ವಯಂಸೇವಕರು, ಬಹುಪಾಲು ಹೆಂಗಸರು. ಆ ರಾತ್ರಿ ನಾನು ಅತ್ತೆ.

ಕಾಗದದಕೊಕ್ಕರೆ

ನಿಶಾಗಂಧಿ ಬರೆದದ್ದನ್ನ ಎರಡು ಸಲ ಓದಿದೆ.

ಜಪಾನಿನ ಉದಾಹರಣೆ ಇಲ್ಲಿಗೆ ಹೊಂದುತ್ತೆ. ಒಟಾಕು ಅಂದರೆ ಅಕ್ಷರಶಃ "ನಿಮ್ಮ ಮನೆ", ತುಂಬಾ ಮರ್ಯಾದೆಯಿಂದ "ತಾವು" ಅನ್ನೋಕೆ ಬಳಸೋ ಮಾತು. ಅನಿಮೆ (ಕಾರ್ಟೂನು ಚಿತ್ರ), ಮಾಂಗಾ (ಚಿತ್ರಕಥೆ) ಅಭಿಮಾನಿಗಳು ಪರಸ್ಪರ ಹಾಗೆ ಕರೆದುಕೊಳ್ತಿದ್ದರು, ಸಂಕೋಚದಿಂದ. 1983ರಲ್ಲಿ ನಾಕಮೋರಿ ಅಕಿಯೋ ಅನ್ನೋ ಅಂಕಣಕಾರ ಅದನ್ನೇ ಅವರ ಮೇಲೆ ತಿರುಗಿಸಿ ಹೀಯಾಳಿಕೆಯ ಹೆಸರು ಮಾಡಿದ. 1989ರಲ್ಲಿ ಮಕ್ಕಳನ್ನ ಕೊಂದ ಅಪರಾಧಿಯೊಬ್ಬ ಸಿಕ್ಕಿಬಿದ್ದು ಅವನ ಕೋಣೆಯ ವಿಡಿಯೋ ಕ್ಯಾಸೆಟ್ಟುಗಳ ರಾಶಿಯ ಚಿತ್ರ ಎಲ್ಲೆಡೆ ಬಂದ ಮೇಲಂತೂ, ಕೋಣೆಯಲ್ಲಿ ಕ್ಯಾಸೆಟ್ಟು ಇಟ್ಟುಕೊಂಡವರೆಲ್ಲ ಅನುಮಾನಕ್ಕೆ ಒಳಗಾದರು. 2013ಕ್ಕೆ ಅಲ್ಲಿನ ಸರ್ಕಾರವೇ ಅದೇ ಅನಿಮೆ, ಮಾಂಗಾಗಳನ್ನೂ ಸೇರಿಸಿಕೊಂಡು ಹೊರದೇಶಕ್ಕೆ ಮಾರೋಕೆ ಕೂಲ್ ಜಪಾನ್ ನಿಧಿ ಸ್ಥಾಪಿಸಿತು. ಮತ್ತೆ ಅದೇ ಉಪಯೋಗ.

ಆದರೆ ಟೋಕಿಯೋದಲ್ಲಿ 1975ರ ಡಿಸೆಂಬರಿನಲ್ಲಿ 32 ತಂಡ, ಸುಮಾರು 700 ಜನ ಸೇರಿ ಶುರುಮಾಡಿದ ಕಾಮಿಕೆಟ್, ಅಭಿಮಾನಿಗಳು ತಾವೇ ಮಾಡಿದ ಪುಸ್ತಕಗಳ ಸಂತೆ, ಇವತ್ತಿಗೂ ಲಕ್ಷಗಟ್ಟಲೆ ಜನರಿಗೆ ಜಾಗ ಕೊಡುತ್ತೆ. ಅಲ್ಲಿ ಬಂದವರಲ್ಲಿ ಗಿರಾಕಿ ಅಂತ ಯಾರೂ ಇಲ್ಲ, ಎಲ್ಲರೂ ಪಾಲುದಾರರು ಅನ್ನೋದು ಅದರ ತತ್ವ. ನನಗೆ ಅದು ಬಹಳ ಹಿಡಿಸುತ್ತೆ.

ಮೌನಗಣಿತ

ಸಾಮಾನ್ಯವಾಗಿ ಓದಿ ಹೋಗುವವನು, ಇವತ್ತು ಬರೆಯಬೇಕು ಅನ್ನಿಸಿತು.

ನನಗೆ ಆಟಿಸಂ ಇದೆ ಎಂದು ಗೊತ್ತಾದದ್ದು 31ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಗೀಕ್ ಎಂಬ ಪದವೇ ನನ್ನ ಛತ್ರಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ, ಗೀಕ್ ಅಲ್ವಾ. ಒಂದೇ ವಿಷಯ ಎರಡು ಗಂಟೆ ಹೇಳುತ್ತಾನೆ, ಗೀಕ್ ಅಲ್ವಾ. ಆ ಪದ ಒಳ್ಳೆಯದಾದ ಮೇಲೆ ನನ್ನ ಬದುಕು ನಿಜವಾಗಿಯೂ ಸ್ವಲ್ಪ ಹಗುರವಾಯಿತು. ಅದನ್ನು ಅಲ್ಲಗಳೆಯಲಾರೆ. ಆದರೆ ಛತ್ರಿಗೆ ಒಂದು ಅಳತೆ ಇತ್ತು. ನನ್ನ ಎರಡು ಗಂಟೆಯ ಮಾತು ಕಂಪ್ಯೂಟರಿನ ಬಗ್ಗೆ ಇದ್ದರೆ ಪ್ರತಿಭೆ, ಲಿಫ್ಟಿನ ಬಾಗಿಲುಗಳ ಬಗ್ಗೆ ಇದ್ದರೆ ಕಾಯಿಲೆ. ನನಗೆ ಲಿಫ್ಟಿನ ಬಾಗಿಲುಗಳು ಇಷ್ಟ. ಒಳಬಾಗಿಲು ಹೊರಬಾಗಿಲನ್ನು ಕೊಕ್ಕೆಯಿಂದ ಹಿಡಿದು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ, ಲಿಫ್ಟು ಆ ಮಹಡಿಯಲ್ಲಿ ಇಲ್ಲದಾಗ ಹೊರಬಾಗಿಲು ತೆರೆಯದಂತೆ ಬೀಗ ತಾನಾಗಿ ಬೀಳುತ್ತದೆ. ಎಷ್ಟು ಜನರ ಜೀವವನ್ನು ಆ ಸಣ್ಣ ಕೊಕ್ಕೆ ದಿನವೂ ಕಾಯುತ್ತದೆ.

ಆರುಮುಖ ಅವರ ಕ್ಯೂಬಿನ ಲೋಕದಲ್ಲಿ ಮ್ಯಾಕ್ಸ್ ಪಾರ್ಕ್ ಇದ್ದಾರೆ. ಅವರಿಗೂ ಆಟಿಸಂ. ಬೆರಳುಗಳ ಹಿಡಿತ ಬರಲಿ ಎಂದು ತಂದೆತಾಯಿ ಕ್ಯೂಬ್ ಕೊಟ್ಟರು. 2023ರಲ್ಲಿ ಅವರು 3.13 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಜನ ದಾಖಲೆಯನ್ನು ಕೊಂಡಾಡುತ್ತಾರೆ, ನನಗೂ ಹೆಮ್ಮೆ. ಆದರೆ ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ: ಸ್ಪರ್ಧೆಯ ಕೋಣೆಯಲ್ಲಿ ಸರದಿ ಕಾಯುವುದು, ಬೇರೆಯವರು ಗೆದ್ದಾಗ ಅವರ ಮುಖ ನೋಡುವುದು, ಇವನ್ನೆಲ್ಲ ಆ ಹುಡುಗ ಕಲಿತದ್ದು ಕ್ಯೂಬ್ ಆಡುವ ಗೆಳೆಯರ ನಡುವೆ. ದಾಖಲೆ ಬರದೇ ಇದ್ದಿದ್ದರೂ ಅದು ಅಷ್ಟೇ ದೊಡ್ಡದಾಗಿರುತ್ತಿತ್ತು.

ಹಳೇತಂತಿ

ಮೌನಗಣಿತ, ಆ ಬಾಗಿಲ ಕೊಕ್ಕೆಯ ಬಗ್ಗೆ ಇನ್ನಷ್ಟು ಬರೆಯಿರಿ. ಎರಡು ಗಂಟೆಯಷ್ಟು ಉದ್ದವಾದರೂ ಸರಿ.

ಅವ್ವನಮಾತು

ನಾ ಇಲ್ಲಿ ಹೊಸಾಕಿ. ನಿಮ್ಮೆಲ್ಲಾರ ಮಾತು ಓದಿ ಒಂದ ಕೇಳಬೇಕು ಅನಿಸ್ತು.

ನನ್ನ ಮಗಳಿಗೆ ಹನ್ನೊಂದು ವರ್ಷ. ಆಕಿಗೆ ಇರವಿ ಹುಚ್ಚು. ಹೊಸ್ತಲದಾಗ ಕುಂತು ತಾಸುಗಟ್ಟಲೆ ಇರವಿ ನೋಡತಾಳ. ಒಂದು ವಹಿ ಇಟ್ಟಾಳ, ಅದರಾಗ ತಾರೀಖು, ವೇಳ್ಯಾ, ಇರವಿ ಸಾಲು ಎಷ್ಟು ದಪ್ಪ ಇತ್ತು, ಮೋಡ ಇತ್ತೋ ಬಿಸಿಲಿತ್ತೋ, ಎಲ್ಲಾ ಬರದಾಳ. ಸಾಲ್ಯಾಗ ಆಕಿನ್ನ ಆಡ್ಕೋತಾರ. ಜೊತಿ ಕೂಡೋರು ಯಾರೂ ಇಲ್ಲ. ಮನ್ಯಾಗ ಹಿರ್ಯಾರು "ಇದನ್ನ ಬಿಡಸು, ಏನ ಉಪಯೋಗ" ಅಂತಾರ. ನಂಗೂ ಹೆದರಿಕಿ ಆಗತದ. ಬಿಡಿಸಲೋ, ಬ್ಯಾಡೋ? ಖರೇ ಹೇಳ್ರಿ.

ನೇರಮಾತು

ದಯವಿಟ್ಟು ಬಿಡಿಸಬೇಡಿ! ಇ. ಓ. ವಿಲ್ಸನ್ ಅನ್ನೋ ಜೀವವಿಜ್ಞಾನಿ ಇದ್ದರು. ಚಿಕ್ಕವರಿದ್ದಾಗ ಮೀನು ಹಿಡಿಯುವಾಗ ಒಂದು ಕಣ್ಣಿಗೆ ಪೆಟ್ಟಾಗಿ ದೃಷ್ಟಿ ಹೋಯಿತು. ಉಳಿದ ಕಣ್ಣಿಗೆ ಹತ್ತಿರದ ಸಣ್ಣ ವಸ್ತುಗಳು ಚೆನ್ನಾಗಿ ಕಾಣ್ತಿದ್ದವು, ಹಾಗಾಗಿ ಕೀಟಗಳ ಕಡೆ ತಿರುಗಿದರು. ಇರುವೆಗಳ ವಿಷಯದಲ್ಲಿ ಜಗತ್ತಿಗೇ ದೊಡ್ಡ ಹೆಸರಾದರು. ನಿಮ್ಮ ಮಗಳೂ ಹಾಗೇ ಆಗಬಹುದು.

ಆರುಮುಖ

ನೇರಮಾತು, ಮನಸ್ಸಿನಿಂದ ಬರೆದಿದ್ದೀರಿ, ಗೊತ್ತಾಗುತ್ತೆ. ಆದರೂ ನಾನು ಒಪ್ಪಲ್ಲ. ವಿಲ್ಸನ್ ಆಗದಿದ್ದರೆ? ಇರುವೆಯಿಂದ ಆ ಮಗುವಿಗೆ ಒಂದು ಪದವಿ, ಒಂದು ಕೆಲಸ, ಒಂದು ಹೆಸರು ಏನೂ ಬರದೇ ಹೋದರೆ ಆ ತಾಸುಗಳು ದಂಡವಾ? ಮಗುವಿಗೆ ನಾವು "ನೀನು ಮುಂದೆ ದೊಡ್ಡ ವಿಜ್ಞಾನಿ ಆಗ್ತೀಯ" ಅಂತ ಹೇಳಿದ ಕೂಡಲೇ ಇರುವೆ ಮೆಟ್ಟಿಲಾಗುತ್ತೆ. ಆಕೆ ಈಗ ನೋಡ್ತಿರೋದು ಇರುವೆಯನ್ನ. ಅಷ್ಟು ಇರಲಿ ಬಿಡಿ.

ಅವ್ವನಮಾತು ಅವರೇ, ನನ್ನ ಅನುಭವದಿಂದ ಹೇಳ್ತೀನಿ. ನನ್ನನ್ನ ಅರೆಹುಚ್ಚ ಅಂದವರ ಮಾತಿಗಿಂತ ಹೆಚ್ಚು ನೋವಾಗಿದ್ದು ಮನೆಯಲ್ಲಿ ಯಾರೂ ಒಂದು ಸಲವೂ "ಅದು ಹೇಗೆ ತಿರುಗುತ್ತೆ, ತೋರಿಸು" ಅನ್ನಲಿಲ್ಲ ಅನ್ನೋದು. ಬೈಯಲೂ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಇದ್ದರು, ಅದೊಂದರ ಸುತ್ತ ಮಾತ್ರ ದಾಟಿಕೊಂಡು ಹೋಗ್ತಿದ್ದರು. ಒಂದು ಸಂಜೆ ಮೂರು ಮೂಲೆಗಳ ಗುಟ್ಟು ಕೈಗೆ ಹತ್ತಿದಾಗ ಹೇಳಿಕೊಳ್ಳೋಕೆ ಯಾರೂ ಇಲ್ಲದೆ ಕನ್ನಡಿ ಮುಂದೆ ನಿಂತು ಹೇಳಿದೆ. ಮುಂದೆ ಸ್ಪರ್ಧೆಗೆ ಹೋಗಿ, ಪರಿಚಯವೇ ಇಲ್ಲದ ಹುಡುಗನೊಬ್ಬ ನನ್ನ ಬೆರಳು ನೋಡಿ "ಇನ್ನೊಮ್ಮೆ ಮಾಡು, ನಿಧಾನಕ್ಕೆ" ಅಂದಾಗ ನನಗೆ ಇಪ್ಪತ್ತಾರು ವರ್ಷ.

ಸಾಲಿಯ ಮಕ್ಕಳನ್ನ ನೀವು ಬದಲಿಸೋಕೆ ಆಗಲಿಕ್ಕಿಲ್ಲ. ಟೀಚರ ಹತ್ತಿರ ಒಮ್ಮೆ ಮಾತಾಡಿ, ಆಡಿಕೊಳ್ಳೋದು ಹದ ಮೀರಿದರೆ ಸುಮ್ಮನಿರಬೇಡಿ. ಉಳಿದ ಹಾಗೆ, ಇವತ್ತು ಸಂಜೆ ಆಕೆಯ ಪಕ್ಕ ಹೊಸ್ತಿಲ ಮೇಲೆ ಕೂತು ನೋಡಿ. ಏನೂ ಹೇಳಬೇಡಿ. ಆ ವಹಿಯಲ್ಲಿ ಏನಿದೆ ಅಂತ ಕೇಳಿ.

ಕಥೆಪಗಡೆ

ನಮ್ಮಮ್ಮ ಬಾಗಿಲ ಹೊರಗೆ ನಿಲ್ಲೋ ಬದಲು ಒಳಗೆ ಬಂದು ಆ ನಕ್ಷೆ ನೋಡಿದ್ದರೆ ಅಂತ ಈಗಲೂ ಅನ್ಸುತ್ತೆ. ಕೂತ್ಕೊಳ್ಳಿ ಅವ್ವ.

ಅವ್ವನಮಾತು

ಕುಂತಿದ್ದೆ ರೀ. ಎರಡು ದಿನಾ ಆತು, ಈಗ ಬರಿಯಾಕ ವ್ಯಾಳೆ ಸಿಕ್ತು.

ಮದಲ ಆಕಿ ನನ್ನ ಮಾರಿ ನೋಡಿದ್ಲು, ಬೈತಾಳೇನೋ ಅಂತ. ವಹಿ ತೋರಸವಾ ಅಂದೆ. ಒಂದು ಗಳಿಗಿ ಸುಮ್ಮನಿದ್ಲು, ಆಮ್ಯಾಲೆ ಮಾತು ಶುರು ಆದವು ನೋಡ್ರಿ, ನಿಲ್ಲಲೇ ಇಲ್ಲ. ಇರವಿ ಹೊಟ್ಟಿ ತುದಿ ನೆಲಕ್ಕ ತಾಗಿಸಿ ವಾಸನಿ ಬಿಟ್ಟು ಹೊಕ್ಕಾವಂತ, ಹಿಂದಿನವು ಅದನ್ನ ಹಿಡದು ಬರತಾವಂತ. ಎರಡು ಇರವಿ ಎದುರು ಬದರು ಆದಾಗ ಮೀಸಿ ತಾಗಿಸಿ ನಿಂತಾವಲ್ಲ, ಅದನ್ನ ನಾ ಇಷ್ಟು ವರ್ಷ ನೋಡೇನಿ, ಒಮ್ಮೆನೂ ಬಗ್ಗಿ ನೋಡಿಲ್ಲ.

ಆಮ್ಯಾಲೆ ಆಕಿ ಸಾಲಿನ ನಡುವ ಬಟ್ಟು ಅಡ್ಡ ಎಳದ್ಲು. ಅಲ್ಲಿಗೆ ಬಂದ ಇರವಿ ಒಮ್ಮೆಲೇ ನಿಂತ್ವು. ಅತ್ತಾಗಿಂದು ಅತ್ತಾಗ, ಇತ್ತಾಗಿಂದು ಇತ್ತಾಗ, ಗಾಬರಿ ಬಿದ್ದು ತಿರಗಾಡಾಕತ್ವು. ಒಂದರ ಬಾಯಾಗ ಸತ್ತ ನೊಣದ ರೆಕ್ಕಿ ಇತ್ತು, ಅದೂ ನಿಂತಿತ್ತು. ನಂಗ ಕೆಡಕ ಅನಿಸ್ತು, ಯಾಕ ಅಳಿಸಿದೀ, ಪಾಪ, ದಾರಿ ತಪ್ಪಿದ್ವು ಅಂದೆ.

ಆಕಿ ನನ್ನ ಕೈ ಹಿಡಕೊಂಡು, "ತಡಿಯವ್ವಾ, ಈಗ ನೋಡು" ಅಂದ್ಲು.